ತುದಿಗಾಲಿನ ಗುರುತು

ಈ ದ್ವೀಪದ ಮರಳು ತುಳಿದವರ ಹೆಜ್ಜೆಯನ್ನು ಅಳಿಸುವುದಿಲ್ಲ. ಅಲೆ ಬಂದರೂ ಅಷ್ಟೇ, ಗಾಳಿ ಬೀಸಿದರೂ ಅಷ್ಟೇ.

ಹಡಗಿನ ಜನವೆಲ್ಲ ಮೆಚ್ಚಿದ್ದು ನಿನ್ನೆಯ ದ್ವೀಪವನ್ನು. ಅಲ್ಲಿ ನೀರಿನಂಚಿನವರೆಗೂ ಟೈಲ್ಸ್, ಈಜುಕೊಳ, ಜಾರುಬಂಡೆ. ನನಗೆ ಅದನ್ನು ಕಂಡರಾಗದು. ಕಾಡು, ಮರಳು ಇದ್ದ ಹಾಗೇ ಇರುವ ಇಲ್ಲಿಗೆ ಗಂಡ ಶಶಿಧರರನ್ನು ಹಟ ಮಾಡಿ ಇಳಿಸಿಕೊಂಡು ಬಂದೆ.

ನೂರು ಹೆಜ್ಜೆ ನಡೆದಿರಲಿಲ್ಲ, ಕಿರುಬೆರಳಿಲ್ಲದ ಎಡಗಾಲಿನ ಗುರುತು ಕಂಡಿತು. ಇವರದೇ! ಪಕ್ಕದಲ್ಲೊಂದು ಪುಟ್ಟ ಪಾದ, ಕಾಲುಂಗುರದ ಗೀರು ಸಮೇತ.

"ವಾರಿಜಾ ಜೊತೆ ಬಂದಿದ್ದೆ," ಎಂದರು ಮೆಲ್ಲಗೆ. "ಮದುವೆಯಾದ ಹೊಸದರಲ್ಲಿ."

ವಾರಿಜಾ ಇವರ ಮೊದಲ ಹೆಂಡತಿ. ತೀರಿಕೊಂಡು ಹನ್ನೊಂದು ವರ್ಷ. ಸತ್ತವಳ ಮೇಲೆ ಎಂಥ ಹೊಟ್ಟೆಕಿಚ್ಚು ಎಂದುಕೊಂಡು ಮುಂದೆ ನಡೆದೆ.

ಹೊನ್ನೆಮರದ ಬುಡದಲ್ಲಿ ಆ ನಾಲ್ಕು ಪಾದಗಳು ಎದುರುಬದುರಾಗಿದ್ದವು. ಅವಳವಕ್ಕೆ ಹಿಮ್ಮಡಿಯೇ ಇರಲಿಲ್ಲ, ಬರೀ ಬೆರಳು. ತುದಿಗಾಲಲ್ಲಿ ನಿಂತಿದ್ದಾಳೆ! ನಾನು ಇವರಷ್ಟೇ ಎತ್ತರ, ಒಮ್ಮೆಯೂ ಹಾಗೆ ನಿಂತವಳಲ್ಲ. ಮಲಗಿದ ಮಗುವನ್ನು ದಾಟಬಾರದೆಂಬಂತೆ ಇವರು ಆ ಗುರುತನ್ನು ತುಳಿಯದೆ ಸುತ್ತಿಕೊಂಡು ನಡೆದರು.

ಹಡಗು ಹತ್ತುವಾಗ ಸಿಬ್ಬಂದಿಯ ಹುಡುಗಿ ಒಂದು ಹಾಳೆ ಚಾಚಿದಳು. "ಇಲ್ಲೂ ಟೈಲ್ಸ್ ಹಾಕ್ಸೋಣ ಅಂತಿದಾರೆ ಮೇಡಂ. ಹಾಕ್ಸೋದೋ, ಹೀಗೇ ಬಿಡೋದೋ, ನಿಮ್ಮ ಅಭಿಪ್ರಾಯ ಬರೀರಿ."

"ಇವಳನ್ನೇನ್ ಕೇಳ್ತೀಯಮ್ಮ? ಹುಲ್ಲುಕಡ್ಡಿ ಕಿತ್ರೂ ಜಗಳಕ್ಕೆ ಬರ್ತಾಳೆ," ಎಂದು ಇವರು ನಕ್ಕರು.

ನಾನು ಪೆನ್ನು ತೆಗೆದುಕೊಂಡೆ.

"ಆ ಹೊನ್ನೆಮರದ ಬುಡದವರೆಗೂ ಹಾಕ್ತೀರಿ ತಾನೇ?"