ಅಣ್ಣಿಗೇರಿ ಮುಟ್ಟುವ ಸುದ್ದಿ

ಮೂರನೆಯ ಆಟಗಾರನೂ ಕೈತಪ್ಪಿದಾಗ ಕುಬೇರಪ್ಪನಿಗೆ ಖಾತ್ರಿಯಾಯಿತು. ಸುದ್ದಿ ಹೊರಗೆ ಹೋಗುತ್ತಿರುವುದು ತನ್ನ ಮನೆಯ ಪಡಸಾಲೆಯಿಂದಲೇ.

ಸಂಶಿಯ ಫುಟ್‌ಬಾಲ್ ತಂಡ ಕಟ್ಟಿದವನು ಅವನು. ಬೇಸಿಗೆ ಬಂತೆಂದರೆ ಸುತ್ತಲಿನ ತಂಡಗಳು ಒಂದರ ಆಟಗಾರನನ್ನು ಇನ್ನೊಂದು ಸೆಳೆಯಲು ಹೊಂಚು ಹಾಕುತ್ತವೆ. ಮಳೆ ಬೀಳುವುದರೊಳಗೆ ಹುಡುಗರಿಂದ ಸಹಿ ಹಾಕಿಸಿಕೊಂಡಿರಬೇಕು. ಯಾರು ಯಾವ ತಂಡಕ್ಕೆ ಹೋಗುತ್ತಾರೆಂಬ ಗಾಳಿಸುದ್ದಿ ಆಗ ಕ್ಷೌರದಂಗಡಿಯಿಂದ ಬಸ್ ನಿಲ್ದಾಣದವರೆಗೂ ಹಾರಾಡುತ್ತದೆ. ಅದರಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಆರಿಸುವುದರಲ್ಲಿ ಕುಬೇರಪ್ಪನನ್ನು ಮೀರಿಸುವವರಿಲ್ಲ. ಹುಡುಗರು ಮೊಬೈಲಿನಲ್ಲಿ ವಿದೇಶದ ಕ್ಲಬ್ಬುಗಳ ಸುದ್ದಿ ತೋರಿಸಿದರೂ, "ಇದನ್ನ ಹೇಳಿದಾವಗ ಏನ್ ಲಾಭ ಐತಿ, ಅದನ್ನ ಮೊದಲ ನೋಡ್ರಲೇ" ಎಂದು ಗದರುತ್ತಿದ್ದ. ಅವನು ಸುಳ್ಳೆಂದದ್ದು ಸುಳ್ಳೇ ಆಗುತ್ತಿತ್ತು.

ಈ ಸಲ ಮಾತ್ರ ಅವನ ಗುಟ್ಟು ಅವನಿಗಿಂತ ಮುಂಚೆ ಅಣ್ಣಿಗೇರಿ ಮುಟ್ಟುತ್ತಿತ್ತು. ಅಲ್ಲಿಯ ತಂಡದ ನಾಯಕ ಬೇರೆ ಯಾರೂ ಅಲ್ಲ, ಅವನ ತಮ್ಮ ಹೇಮಂತ. ಹೋದ ಬೇಸಿಗೆಯಲ್ಲಿ ಸಂಶಿ ಬಿಟ್ಟು ಆ ತಂಡ ಸೇರಿದನೆಂದು ಕುಬೇರಪ್ಪ ಅವನನ್ನು ಮನೆಯಿಂದಲೇ ಹೊರಗೆ ದಬ್ಬಿದ್ದ. ಅಡ್ಡ ಬಂದ ತಾಯಿ ರೇವವ್ವನ ಮೇಲೂ ಓಣಿಗೆಲ್ಲ ಕೇಳುವಂತೆ ಕೂಗಾಡಿದ್ದ. ಆವತ್ತೇ ರೇವವ್ವನ ಮಾತು ನಿಂತಿತು. ಹುಬ್ಬಳ್ಳಿಯ ಡಾಕ್ಟರಿಗೂ ದೋಷ ಎಲ್ಲಿದೆ ಎಂದು ಸಿಗಲಿಲ್ಲ. ಅಂದಿನಿಂದ ಆಕೆ ಪಡಸಾಲೆಯ ಮಂಚ ಹಿಡಿದಿದ್ದಾಳೆ. ಆ ಪಾಪವನ್ನೂ ಕುಬೇರಪ್ಪ ತಮ್ಮನ ತಲೆಗೇ ಕಟ್ಟಿದ್ದ.

ಗೋಲು ಹೊಡೆಯುವ ಒಬ್ಬ ಒಳ್ಳೆಯ ಫಾರ್ವರ್ಡ್ ಸಿಗದಿದ್ದರೆ ಈ ವರ್ಷ ತಂಡವೇ ಇಲ್ಲ. ಪಡಸಾಲೆಯ ಮಾತು ಗೊತ್ತಿದ್ದವರು ತಂಡದ ನಾಯಕ ಪ್ರಭು, ಗೋಲ್‌ಕೀಪರ್ ಸಾಧಿಕ್, ಮತ್ತೆ ಚಹಾ ತಂದುಕೊಡುವ ಹೆಂಡತಿ ಮಹಾನಂದಾ. ಕುಬೇರಪ್ಪ ಬಲೆ ಬೀಸಿದ. ಪ್ರಭುವಿಗೆ ಮೈದಾನದಲ್ಲಿ ದುಮ್ಮವಾಡದ ಹುಡುಗನೊಬ್ಬನ ಸುಳ್ಳು ಹೆಸರು ಹೇಳಿದ. ಸಾಧಿಕ್‌ಗೆ ಬೈಕಿನ ಮೇಲೆ ಇನ್ನೊಂದು ಹೆಸರು. ಹೆಂಡತಿಗೆ ಹೊಲದಲ್ಲಿ ಮತ್ತೊಂದು. ಹೇಮಂತ ಯಾವ ಹುಡುಗನ ಬಾಗಿಲು ತಟ್ಟುತ್ತಾನೋ, ಆ ಹೆಸರು ಕೇಳಿದವರೇ ಕಳ್ಳರು.

ವಾರ ಕಳೆಯಿತು. ಹೇಮಂತ ಯಾರ ಬಾಗಿಲಿಗೂ ಹೋಗಲಿಲ್ಲ.

ಕುಬೇರಪ್ಪನ ತಲೆ ಕೆಟ್ಟಿತು. ಸಾಧಿಕ್‌ನ ತಾಯಿ ಖಾತುನಬಿ ಬಾಜು ಮನೆಯಾಕೆ. ದಿನಾ ಮಧ್ಯಾಹ್ನ ಫೋನು ಹಿಡಿದುಕೊಂಡು ಬಂದು ರೇವವ್ವನ ಹತ್ತಿರ ಕೂರುತ್ತಿದ್ದಳು. ಇಷ್ಟು ದಿನ ಕಾಣದ್ದು ಈಗ ಕಣ್ಣು ಚುಚ್ಚಿತು.

"ಏನ್ ಖಾತುನಬಿ, ಮಾತಾಡದಾಕಿ ಜೋಡಿ ನಿಂದೇನ್ ಅಷ್ಟೊತ್ತು?"

"ರೇವವ್ವಾರ ಜೋಡಿ ಕುಂತ್ರ ಹೊತ್ತು ಹೋಗೂದ ತಿಳಿಯಂಗಿಲ್ರಿ, ಕುಬೇರಣ್ಣ" ಎಂದು ಆಕೆ ನಕ್ಕಳು.

ಆ ನಗುವೇ ಸಾಕಾಯಿತು. ಸಂಜೆ ಮೈದಾನದಲ್ಲಿ ಎಲ್ಲರೆದುರು ಸಾಧಿಕ್‌ನ ಅಂಗಿ ಹಿಡಿದ.

"ನಿಮ್ಮವ್ವ ನಮ್ಮ ಮನ್ಯಾಗಿನ ಸುದ್ದಿ ಹೊತ್ತು ತರ್ತಾಳ, ನೀ ಅಣ್ಣಿಗೇರಿಗೆ ಮುಟ್ಟಸ್ತಿ!"

"ನಮ್ಮವ್ವನ್ನ ನಡುವ ತರಬ್ಯಾಡ್ರಿ, ಕಾಕಾ. ನಾ ಅಂಥಾವಲ್ಲ."

"ಗ್ಲೌಸ್ ಬಿಚ್ಚಿಟ್ಟು ನಡಿಯಲೇ!"

ಸಾಧಿಕ್ ಬಿಚ್ಚಿಟ್ಟ. ಹಿಂದಿರುಗಿ ನೋಡದೆ ಹೋದ. ಪ್ರಭು ಮುಖ ಆ ಕಡೆ ಮಾಡಿ ನಿಂತ.

ಮರುದಿನ ಊಟದ ತಾಟನ್ನು ತಾಯಿಯ ಮುಂದಿಟ್ಟು ಕುಬೇರಪ್ಪ ಮಂಚದ ಅಂಚಿಗೆ ಕುಳಿತ. ಹೇಳಿಕೊಳ್ಳಲು ಇನ್ನು ಯಾರೂ ಉಳಿದಿರಲಿಲ್ಲ.

"ಯವ್ವಾ, ಸಾಧಿಕನ್ನ ಕಳಿಸಿಬಿಟ್ಟೆ. ಅವ್ರಿಗೆಲ್ಲಾ ಹೇಳಿದ್ದು ಸುಳ್ಳ ಹೆಸರು. ಖರೇ ಹುಡುಗ ಯಮನೂರಾಗ ಅದಾನ, ರಮಜಾನ್ ಅಂತ. ಬರ್ತೀನಿ ಅಂತ ಮಾತ ಕೊಟ್ಟಾನ. ಶುಕ್ರವಾರ ಹೋಗಿ ಸಹಿ ಹಾಕಿಸ್ಕೊಂಡ ಬರ್ತೀನಿ. ಅವನೊಬ್ಬ ಬಂದ್ರ ಸಾಕು, ಆ ಹೇಮ್ಯಾನ ಮಾರಿ ಜನ್ಮದಾಗ ನೋಡಂಗಿಲ್ಲ."

ರೇವವ್ವ ತುತ್ತನ್ನು ಬಾಯಿಗೆ ಹಾಕದೆ ಹಿಡಿದುಕೊಂಡೇ ಕುಳಿತಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಥಟ್ಟನೆ ನಿಂತಿತು. ಬಾಗಿಲ ಸಂದಿಯಲ್ಲಿ ಮಹಾನಂದಾಳ ಸೆರಗು ಕಂಡಿತು.

"ಏನ್ ಕೇಳಾಕತ್ತಿ ಅಲ್ಲಿ?"

"ರೊಟ್ಟಿ ಮುಗದ್ವು. ಇನ್ನೇನ್ ನಿಮ್ಮ ತಲಿ ಬಡೀಲಿ?"

ಅಷ್ಟರಲ್ಲಿ ಖಾತುನಬಿ ಹೊಸ್ತಿಲಲ್ಲಿ ನಿಂತಿದ್ದಳು. ಮುಖ ಬಾಡಿತ್ತು. "ಮಗಂದು ಬ್ಯಾರೆ, ರೇವವ್ವಾರ್ದು ಬ್ಯಾರೆ" ಎಂದಷ್ಟೇ ಹೇಳಿ ಮಂಚದ ಹತ್ತಿರ ಹೋದಳು. ಕುಬೇರಪ್ಪ ತಾಯಿಯ ಮುಖವನ್ನೊಮ್ಮೆ ನೋಡಿದ. ಚಪ್ಪಲಿ ಮೆಟ್ಟಿ ಹೊರಗೆ ನಡೆದ.

ಶುಕ್ರವಾರ ಯಮನೂರಿನಲ್ಲಿ ರಮಜಾನ್ ನಮಾಜು ಮುಗಿಸಿ ಬಂದವನು ಅವನನ್ನು ಕಂಡು ತಲೆ ತಗ್ಗಿಸಿದ.

"ತಪ್ಪ ತಿಳಕೋಬ್ಯಾಡ್ರಿ, ಕಾಕಾ. ನಿನ್ನೆ ಹೇಮಂತಣ್ಣ ಬಂದಿದ್ರು. ನಾ ಅವ್ರಿಗೆ ಸಹಿ ಹಾಕಿ ಕೊಟ್ಟೇನಿ."

"ನನಗ ಮಾತ ಕೊಟ್ಟಿದ್ದಿ ಅಲ್ಲಲೇ!"

"ಅದನ್ನ ಅವ್ರಿಗೂ ಹೇಳಿದ್ನಿರಿ. ಕೇಳಲಿಲ್ಲ. ಫೋನ್ ಹಚ್ಚಿ ನನ್ನ ಕೈಯಾಗ ಕೊಟ್ರು. ನಿಮ್ಮ ಮನಿ ಹೆಣ್ಣಮಗಳು ಮಾತಾಡಿದ್ರು. ಅವ್ರು ಅಷ್ಟು ಕೇಳ್ಕೊಂಡ ಮ್ಯಾಲ ಒಲ್ಲೆ ಅನ್ನಾಕ ಆಗಲಿಲ್ರಿ."

ಕುಬೇರಪ್ಪನ ನೆತ್ತಿಗೆ ರಕ್ತ ಏರಿತು. ನಿಂತುಹೋದ ರೊಟ್ಟಿಯ ಸದ್ದು. ಬಾಗಿಲ ಸಂದಿಯ ಸೆರಗು. ತನ್ನ ಹಾಸಿಗೆಯ ಪಕ್ಕದಲ್ಲೇ ಕಳ್ಳಿ ಇದ್ದಳು, ತಾನು ಓಣಿಯಲ್ಲೆಲ್ಲ ಹುಡುಕಿದ್ದ. ಇವತ್ತೇ ಆಕೆಯನ್ನು ತವರಿಗೆ ಅಟ್ಟಬೇಕು. ಬೈಕಿನ ಕಿಕ್ ಜೋರಾಗಿ ಒದ್ದ. ರಮಜಾನ್ ಓಡಿ ಬಂದು ಹ್ಯಾಂಡಲ್ ಹಿಡಿದುಕೊಂಡ.

"ಅಷ್ಟ ವಯಸ್ಸಾದವ್ರ ಮ್ಯಾಲ ಸಿಟ್ಟ ಮಾಡಬ್ಯಾಡ್ರಿ, ಕಾಕಾ. ನಿಮ್ಮ ತಾಯಾರು ಫೋನಿನ್ಯಾಗ ಅಳಕೋತ ಒಂದ ಮಾತ ಅಂದ್ರು: 'ನೀ ಸಂಶಿಗೆ ಬರಬ್ಯಾಡಪಾ, ಯಾರೂ ಸಿಗದಿದ್ರ ಅವ ತನ್ನ ತಮ್ಮನ್ನ ಕರಿಯಾಕ ಹೋಗ್ತಾನ.'"