ಮಿನುಗುವ ಹೆಡೆ

"ನಿಮಗೆ ಕಣ್ಣು ಕಾಣಲ್ಲ ಅಂತ ದೂರು ಬಂದಿದೆ ಭರಮಪ್ಪ. ನಿಜವಾದ್ರೆ ಇವತ್ತಿಗೇ ನಿಮ್ಮ ಗೈಡ್ ಕೆಲಸ ಮುಗೀತು," ಎಂದರು ಹೊಸ ಮ್ಯಾನೇಜರ್ ಮೇಡಂ, ದೂರಿನ ಕಾಗದವನ್ನು ಪಟಪಟ ಆಡಿಸುತ್ತ.

"ಯಾರೋ ಹೊಟ್ಟೆಕಿಚ್ಚಿಗೆ ಬರ್ದಿರ್ತಾರೆ ಮೇಡಮ್ಮೋರೇ. ಮೊಬೈಲು ಗೇಟಲ್ಲೇ ಇಟ್ಟು ಬನ್ನಿ, ಗುಹೆ ತೋರಿಸ್ತೀನಿ. ನೀವೇ ಪರೀಕ್ಷೆ ಮಾಡಿ."

ದೂರು ನಿಜವಾಗಿತ್ತು. ಬೆಳಕೂ ಕತ್ತಲೂ ಅವನಿಗೆ ಒಂದೇ ಆಗಿ ವರ್ಷ ಕಳೆದಿತ್ತು. ಆದರೆ ಇಪ್ಪತ್ತೆಂಟು ವರ್ಷ ಆ ಸುಣ್ಣಕಲ್ಲಿನ ಗುಹೆಯಲ್ಲಿ ಜನರನ್ನು ಸುತ್ತಾಡಿಸಿದ ಕಾಲಿಗೆ ಒಂದೊಂದು ಮೆಟ್ಟಿಲೂ ಗೊತ್ತಿತ್ತು.

ಇಕ್ಕಟ್ಟಿನ ತಿರುವಿನಲ್ಲಿ ಮೇಡಂ ಥಟ್ಟನೆ ಅವನ ತೋಳು ಹಿಡಿದರು.

"ಹೆದರಬ್ಯಾಡಿ, ತಲೆ ಬಗ್ಗಿಸಿ. ಹಾಂ, ಈಗ ಮೇಲೆ ನೋಡಿ. ಆ ಕಲ್ಲಿನ ಹೆಡೆ ಲೈಟಿಗೆ ಹೆಂಗೆ ಮಿನುಗ್ತೈತೆ!"

ತೋಳಿನ ಮೇಲಿನ ಹಿಡಿತ ಇನ್ನಷ್ಟು ಬಿಗಿಯಾಯಿತು.

"ಹೌದು... ಮಿನುಗ್ತಿದೆ."

ಹೊರಗಿನ ಬಿಸಿಲು ಮುಖಕ್ಕೆ ತಾಗುವವರೆಗೂ ಆ ಕೈ ಅವನ ತೋಳು ಬಿಡಲಿಲ್ಲ. ಗೇಟಿನವನು ಏದುಸಿರು ಬಿಡುತ್ತ ಓಡಿಬಂದ.

"ಮೇಡಂ, ನೀವು ಒಳಗೆ ಹೋದ ಹತ್ತೇ ನಿಮಿಷಕ್ಕೆ ಕರೆಂಟು ಹೋಯ್ತಲ್ಲ! ಆ ಕಗ್ಗತ್ತಲಲ್ಲಿ ಹೆಂಗೆ ಬಂದ್ರಿ?"

"ಭರಮಪ್ಪ ಕರ್ಕೊಂಡು ಬಂದ್ರು."

ಭರಮಪ್ಪನ ಎದುರಿಗೇ ಕಾಗದ ಹರಿದ ಸದ್ದು ಕೇಳಿಸಿತು.