ಕೆರೆ ಬಂದು ಕೂತ ಹೊಲ

ಚಳಿಗಾಲ ಬಂತೆಂದರೆ ಉತ್ತರದ ಕೆರೆಗಳು ತಮ್ಮ ಹಕ್ಕಿಗಳನ್ನೂ ಹೊತ್ತುಕೊಂಡು ವಲಸೆ ಬರುತ್ತಿದ್ದವು. ನೋಡಲು ಬಂದವರನ್ನು ಕರೆದೊಯ್ಯುವುದು ಊರಿನ ಕೆರೆ ಸಮಿತಿಯ ನಿಂಬೆವ್ವನ ಕೆಲಸ. "ಗದ್ದಲ ಮಾಡಬ್ಯಾಡ್ರಿ, ಬೆದರಿದ್ರ ಕೆರಿ ಎದ್ದು ಹೋಗಿಬಿಡತೈತಿ" ಎಂದು ಎಲ್ಲರಿಗೂ ಹೇಳಿಕೊಡುತ್ತಿದ್ದಳು.

ಈ ಸಲ ಕೆರೆ ಬಂದು ಕೂತದ್ದು ಅವಳದೇ ಜೋಳದ ಹೊಲದಲ್ಲಿ. ಬೆಳಗ್ಗೆ ಪ್ರವಾಸಿಗರೊಂದಿಗೆ ಬಂದವಳಿಗೆ ಕಂಡದ್ದು ಮುಳುಗಿದ ಬೆಳೆ. ಗಂಡ ಮಲ್ಲೇಶಪ್ಪ ಚರ್ಮದ ಹಲಗೆ ಹಿಡಿದು ಬದುವಿನ ಮೇಲೆ ನಿಂತಿದ್ದ.

"ಬಾರಿಸ್ಲೇನು? ಈಗ ಎಬ್ಬಿಸಿದ್ರ ಅರ್ಧ ಬೆಳಿಯಾದ್ರೂ ಉಳಿತೈತಿ."

ಹೂಂ ಎನ್ನಲು ಬಾಯಿ ತೆರೆದವಳು ಹಾಗೆಯೇ ನಿಂತಳು. ಕೆರೆಯ ಮಗ್ಗುಲಲ್ಲಿ ಊಟದ ಗಂಗಾಳದಷ್ಟೇ ಅಗಲದ ನೀರೊಂದು ಮಿಸುಕಾಡುತ್ತಿತ್ತು. ಕೆರೆ ತೆರೆ ಚಾಚಿ ಅದನ್ನು ಮೆಲ್ಲಗೆ ಒಳಗೆಳೆದುಕೊಂಡಿತು. ಅದು ಮತ್ತೆ ಹೊರಗೋಡಿತು.

"ಅಯ್ಯ ನನ್ನವ್ವ! ಮರಿ ಹಾಕೈತಿ!"

ಕೆರೆಯ ಮರಿಯನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಮಲ್ಲೇಶಪ್ಪ ಹಲಗೆಯನ್ನು ಸದ್ದಾಗದಂತೆ ನೆಲಕ್ಕಿಟ್ಟ.

"ಏನು ತಿನ್ನುತ್ತೆ ಅದು?" ಪ್ರವಾಸಿ ಹೆಂಗಸೊಬ್ಬಳು ಪಿಸುಗುಟ್ಟಿದಳು.

"ನನಗೂ ಗೊತ್ತಿಲ್ರಿ" ಎಂದ ನಿಂಬೆವ್ವ ಬದುವಿನ ಮೇಲೆ ಕೂತು, ಪಕ್ಕದಲ್ಲಿ ಅವಳಿಗೂ ಜಾಗ ಬಿಟ್ಟಳು. "ಕೂಡ್ರಿ, ನೋಡೂಣು."